ಶೆಡ್ಡಿನಲ್ಲಿದ್ದ ದೊರೆ

ಕಾರು ರಾತ್ರಿ ಹೊತ್ತಿನಲ್ಲಿ ಕುಳಿತುಬಿಡುತ್ತಿತ್ತು. ನಿಂತಲ್ಲೇ ಎಡಕ್ಕೆ ವಾಲಿ, ಮುಂದಿನ ಚಕ್ರ ಅರ್ಧ ಮುಚ್ಚಿಹೋಗುವಷ್ಟು ತಗ್ಗಿ, ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಮಂಡಿ ಹಿಡಿದುಕೊಂಡ ಮುದುಕನ ಹಾಗೆ ಕಾಣುತ್ತಿತ್ತು. ಚಕ್ರಗಳ ಮೇಲೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿದ್ದವು. ವಯಸ್ಸಾದಂತೆ ಅವು ಸೋರತೊಡಗಿದ್ದವು. ಎಂಜಿನ್ ಚಾಲು ಮಾಡಿ ಸ್ವಲ್ಪ ಕಾದರೆ ಕಾರು ನಿಧಾನವಾಗಿ, ಮರ್ಯಾದೆ ಬಿಡದೆ, ಮೇಲೇಳುತ್ತಿತ್ತು. ಎದುರುಮನೆಯವನು ಹಲ್ಲುಜ್ಜುತ್ತಲೇ ಕೇಳುತ್ತಿದ್ದ:

“ಏನ್ ಡ್ರೈವರಣ್ಣ, ದೊರೆಗಳು ಎದ್ರಾ?”

“ಏಳ್ತಾ ಇದಾರೆ ಕಣಪ್ಪ. ಅವಸರ ಮಾಡಿದ್ರೆ ಅವರಿಗೆ ಆಗಲ್ಲ.”

ಡ್ರೈವರಣ್ಣನ ಹೆಂಡತಿ ಟೈಲರಮ್ಮನಿಗೆ ಈ ತಮಾಷೆ ಹಳಸಿಹೋಗಿತ್ತು. ದೊರೆಗಳು ಮಲಗುತ್ತಿದ್ದ ಶೆಡ್ಡು ಆಕೆಯದು. ಮನೆ ಕಟ್ಟಿಸುವಾಗ ಹೊಲಿಗೆ ಯಂತ್ರಗಳಿಗೆಂದೇ ಹಟ ಹಿಡಿದು ಹಾಕಿಸಿಕೊಂಡದ್ದು. ಬಟ್ಟೆ ಕತ್ತರಿಸುವಾಗ ಕೈಯ ನೆರಳು ಗೆರೆಯ ಮೇಲೆ ಬೀಳಬಾರದೆಂದು ಕಿಟಕಿಯನ್ನು ಎತ್ತರದಲ್ಲಿ ಇಡಿಸಿದವಳೂ ಆಕೆಯೇ. ಕಾರು ಬಂದ ದಿನ ಎರಡು ಯಂತ್ರಗಳು ನಡುಮನೆಗೆ ಬಂದವು, ಕತ್ತರಿಸುವ ಮೇಜು ಮಲಗುವ ಕೋಣೆಗೆ ಹೋಯಿತು, ಬಟ್ಟೆಯ ಥಾನುಗಳು ಮಂಚದ ಕೆಳಗೆ ಸೇರಿದವು. “ಸ್ವಲ್ಪ ದಿನ,” ಎಂದಿದ್ದ ಗಂಡ. ಆ ಸ್ವಲ್ಪ ದಿನಕ್ಕೆ ಮೂರು ವರ್ಷವಾಗಿತ್ತು.

ಆತ ಊರಿನ ಬಸ್ಸು ಓಡಿಸಿ ನಿವೃತ್ತನಾದವನು. ಹಳೆಯ ಬಸ್ಸುಗಳಲ್ಲಿ ಎಂಜಿನ್ ಡ್ರೈವರನ ಪಕ್ಕದಲ್ಲೇ ಇರುತ್ತದೆ, ಮೇಲೊಂದು ತಗಡಿನ ಮುಚ್ಚಳ. ಒಂದು ಜೀವಮಾನವಿಡೀ ಆತನ ಎಡ ಮೊಣಕಾಲು ಆ ಬಿಸಿಯಲ್ಲಿ ಬೆಂದಿತ್ತು, ಎಡ ಕಿವಿ ಆ ಗರ್ಜನೆಯನ್ನು ಕುಡಿದಿತ್ತು. ನಿವೃತ್ತಿಯ ನಂತರ ಯಾರದೋ ಜೊತೆ ಹಳೆ ಕಾರುಗಳ ಅಂಗಡಿಗೆ ಸುಮ್ಮನೆ ಹೋದ. ಅಲ್ಲಿ ಕಪ್ಪು ಬಣ್ಣದ ಉದ್ದನೆಯ ವಿದೇಶಿ ಕಾರೊಂದು ನಿಂತಿತ್ತು. ಯಾವ ಕಾಲದಲ್ಲೋ ಯಾವನೋ ಶ್ರೀಮಂತ ಕೊಂಡದ್ದು, ಮೂರು ಕೈ ಬದಲಾಗಿ ಅಲ್ಲಿಗೆ ಬಂದದ್ದು. ಒಳಗೆ ಕುಳಿತು ಬಾಗಿಲೆಳೆದುಕೊಂಡ. ಬಾಗಿಲು ‘ದಬ್’ ಎಂದು ಮೆತ್ತಗೆ ಕೂತಿತು. ಹೊರಗಿನ ರಸ್ತೆ, ಹಾರನ್ನು, ಮಾರಾಟಗಾರನ ಬಾಯಿ, ಎಲ್ಲವೂ ಒಮ್ಮೆಗೇ ನಿಂತುಹೋದವು. ಮನೆಗೆ ಬಂದು ಹೆಂಡತಿಗೆ ಹೇಳಿದ: “ಲೇ, ಅದರೊಳಗೆ ಕೂತ್ರೆ ಲೋಕ ಬಾಯ್ಮುಚ್ಕೊಳ್ಳುತ್ತೆ ಕಣೇ.”

ಅಂಥ ಕಾರುಗಳ ಬೆಲೆ ಬಿದ್ದಿರುತ್ತದೆ, ಖರ್ಚು ಬಿದ್ದಿರುವುದಿಲ್ಲ. ಇದು ಆತನಿಗೆ ಆಮೇಲೆ ತಿಳಿಯಿತು. ಹಿಂದಿನ ದೀಪವೊಂದು ಒಡೆದಾಗ ಬಿಡಿಭಾಗ ಹಡಗಿನಲ್ಲಿ ಬರಬೇಕೆಂದರು. ಮುಂದಿನ ಫಲಕದಲ್ಲಿ ಯಾವಾಗಲೂ ಒಂದೆರಡು ಎಚ್ಚರಿಕೆಯ ದೀಪಗಳು ಉರಿಯುತ್ತಿದ್ದವು. ನೋಡಿ ನೋಡಿ ಆತ ಅವನ್ನು ಅಲಂಕಾರವೆಂದೇ ಬಗೆದಿದ್ದ.

ಟೈಲರಮ್ಮ ಸುಳ್ಳು ಹೇಳುವವಳಲ್ಲ. ಮೊದಲ ವರ್ಷ ಆಕೆಗೂ ಕಾರು ಹಿತವಾಗಿತ್ತು. “ಬಸ್ ಡ್ರೈವರ್ ಹೆಂಡ್ತಿ” ಎಂದು ಮೂಗು ಮುರಿದು ಕರೆಯುತ್ತಿದ್ದ ಸ್ವಂತ ಅಕ್ಕ ಗೇಟಿನವರೆಗೂ ಇಳಿದು ಬಂದು, ಚರ್ಮದ ಸೀಟನ್ನು ಬೆರಳಿನಿಂದ ಒತ್ತಿ ನೋಡಿದ್ದಳು. ಆ ಒಂದು ಸಂಜೆ ಟೈಲರಮ್ಮ ಬಾಯಿ ತುಂಬ ಮಾತಾಡಿದ್ದಳು. ಆದರೆ ಒಂದು ಸಂಜೆಯನ್ನು ಎಷ್ಟು ಸಲ ನೆನೆಯಲು ಸಾಧ್ಯ? ಮಂಚದ ಕೆಳಗಿನ ಥಾನು ಎಳೆಯಲು ದಿನಾ ಬಗ್ಗಬೇಕಾಗಿತ್ತು.

ಆತನ ಕೈಕಾಲು ಮಾತ್ರ ಬಸ್ಸನ್ನು ಮರೆತಿರಲಿಲ್ಲ. ಬಸ್ ಸ್ಟಾಪು ಕಂಡರೆ ಕಾರು ತಾನಾಗಿ ಎಡಕ್ಕೆ ಸರಿದು ನಿಲ್ಲುತ್ತಿತ್ತು. ಒಮ್ಮೆ ಹೀಗೆ ನಿಂತಾಗ ಚೀಲ ಹಿಡಿದ ಮುದುಕಿಯೊಬ್ಬಳು ಹಿಂದಿನ ಬಾಗಿಲು ತೆಗೆದು ಒಳಗೆ ಕೂತು, “ಮಾರ್ಕೆಟ್ಟಿಗೆ ಹೋಗುತ್ತಾ?” ಎಂದಳು. “ಹೋಗುತ್ತೆ, ಒಳಗೆ ಬನ್ನಿ,” ಎಂದ ಈತ, ಹಿಂದೆ ತಿರುಗದೆ. ಇಳಿಯುವಾಗ ಆಕೆ ದುಡ್ಡು ಚಾಚಿದಾಗ “ಚಿಲ್ಲರೆ ಇಲ್ಲಮ್ಮ, ಇರಲಿ” ಎಂದನಂತೆ. ಮನೆಗೆ ಬಂದು ತಾನೇ ಹೇಳಿ ನಕ್ಕ. ಟೈಲರಮ್ಮನೂ ನಕ್ಕಳು, ಬಾಯಲ್ಲಿ ಗುಂಡುಸೂಜಿ ಇದ್ದುದರಿಂದ ತುಟಿ ತೆರೆಯದೆ.

ಮಧ್ಯಾಹ್ನದ ಮೇಲೆ ಆತ ಎಲ್ಲಿಗೂ ಹೋಗದೆಯೂ ಕಾರಿನಲ್ಲಿ ಕೂರುತ್ತಿದ್ದ. ಶೆಡ್ಡಿನ ಬಾಗಿಲು ಅರೆ ತೆರೆದು, ಕಾರಿನ ಬಾಗಿಲು ಪೂರ್ತಿ ಮುಚ್ಚಿ, ಕಣ್ಣು ಮುಚ್ಚಿ. ಆಕೆ ಅಡುಗೆಮನೆಯಿಂದ ಕೂಗುತ್ತಿದ್ದಳು: “ರೀ, ಶೆಡ್ಡು ಯಾವಾಗ ಬಿಡ್ತೀರಾ?” ಉತ್ತರವಿಲ್ಲ. ಊಟಕ್ಕೆ ಕೂತಾಗ ಕೇಳಿದರೂ ತಲೆ ಎತ್ತುತ್ತಿರಲಿಲ್ಲ. ಕೇಳಿಸಿಯೂ ಕೇಳಿಸದವನ ಹಾಗೆ ಇರುತ್ತಾನೆಂದು ಆಕೆ ಹಲ್ಲು ಕಚ್ಚಿ ಸುಮ್ಮನಾಗುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗಂಡಸರ ಮೌನಕ್ಕೆ ಹೊಸ ಕಾರಣ ಹುಡುಕುವಷ್ಟು ಪುರುಸೊತ್ತು ಆಕೆಗಿರಲಿಲ್ಲ.

ಅಷ್ಟರಲ್ಲಿ ದೊಡ್ಡ ಆಸ್ಪತ್ರೆಯೊಂದರಿಂದ ಕರೆ ಬಂತು. ಅಲ್ಲಿನ ನರ್ಸುಗಳ, ಆಯಾಗಳ ಸಮವಸ್ತ್ರವಷ್ಟೂ ಆಕೆಗೇ ಸಿಗುವುದಿತ್ತು. ಒಂದೇ ಷರತ್ತು: ಉಗ್ರಾಣದ ಮೇಲ್ವಿಚಾರಕಿ ಸೋಮವಾರ ಬಂದು ಜಾಗ ನೋಡುತ್ತಾಳೆ. ನಾಲ್ಕು ಯಂತ್ರ ನಿಲ್ಲುವ, ಬಿಳಿ ಬಟ್ಟೆ ಕೊಳೆಯಾಗದ ಕೋಣೆ ಇರಬೇಕು. ನಡುಮನೆಯಲ್ಲಿ, ಒಲೆಯ ಹೊಗೆಗೆ ಎದುರಾಗಿ ಹೊಲಿದದ್ದು ಬೇಡ.

ಆ ದಿನ ಆಕೆ ಊಟದ ತಟ್ಟೆ ಪಕ್ಕಕ್ಕೆ ಸರಿಸಿ, ಗಂಡನ ಎದುರಿಗೇ ಕೂತು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. “ಶೆಡ್ಡು ಸಿಗದಿದ್ರೆ ಈ ಕೆಲಸ ಕೈತಪ್ಪುತ್ತೆ. ಇದು ತಪ್ಪಿದ್ರೆ ನಾನು ಇನ್ನು ಯಂತ್ರ ಮುಟ್ಟಲ್ಲ. ಬೆನ್ನು ಬಿದ್ದುಹೋಗಿದೆ ನಂದು.”

ಆತ ಆಕೆಯ ತುಟಿಗಳನ್ನೇ ನೋಡುತ್ತಿದ್ದ. “ಆಯ್ತು, ಮಾರೋಣ,” ಎಂದ.

ಗಾಡಿ ರಿಪೇರಿಯ ಮೇಸ್ತ್ರಿ ಗಿರಾಕಿಯೊಬ್ಬನನ್ನು ಗೊತ್ತು ಮಾಡಿದ. ಶನಿವಾರ ಬೆಳಿಗ್ಗೆ ಇಬ್ಬರೂ ಮೇಸ್ತ್ರಿಯ ಗ್ಯಾರೇಜಿಗೆ ಕಾರಿನಲ್ಲಿ ಹೊರಟರು. ಕಾಜ ಹೊಲಿಯಲು ಬರುವ ಪಕ್ಕದ ಬೀದಿಯ ಹೆಂಗಸು ಬಾಗಿಲಲ್ಲೇ ನಿಂತು, “ಹೋಗ್ಬನ್ನಿ ಅಕ್ಕ. ಇನ್ಮೇಲೆ ಅಣ್ಣ ಬಂದದ್ದು ನಂಗೆ ಹೇಗ್ ಗೊತ್ತಾಗ್ಬೇಕು? ಆ ಬೀದಿ ತಿರುವಿನಲ್ಲೇ ಕಾರು ಕಿರುಚಿಕೊಳ್ತಿತ್ತು,” ಎಂದಳು. ಅವಳ ಬಾಯಿಗೆ ಬೀಗವಿಲ್ಲವೆಂದು ಟೈಲರಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಕೆ ಆ ಕಾರಿನಲ್ಲಿ ಕೂತು ತಿಂಗಳುಗಳೇ ಆಗಿದ್ದವು. ಸೀಟು ಈಗಲೂ ಮೈಯನ್ನು ತೆಗೆದುಕೊಳ್ಳುವ ರೀತಿ ಬೇರೆಯೇ ಇತ್ತು. ಬೆನ್ನಿಗೆ ಎಲ್ಲಿ ಬೇಕೋ ಅಲ್ಲೇ ಆಸರೆ. ಬೀದಿ ದಾಟಿ ದೊಡ್ಡ ರಸ್ತೆಗೆ ಬಂದರು. ಗಂಡ ದಾರಿಯಲ್ಲಿ ಎರಡು ಬಸ್ ಸ್ಟಾಪಿನಲ್ಲಿ ನಿಂತ. ವೃತ್ತದ ಬಳಿ ವೇಗ ತಗ್ಗಿಸಿ, ಕೊನೆಗೂ ಬಾಯಿ ಬಿಟ್ಟ.

“ಕೇಳು. ಸ್ವಲ್ಪ ಕೇಳು ನೀನೇ. ಒಂದಾದ್ರೂ ಸದ್ದಿದೆಯಾ? ಇಷ್ಟು ವಯಸ್ಸಾದ ಗಾಡಿ! ಹೇಗ್ ಮಾರ್ಲಿ ಇದನ್ನ? ವೃತ್ತ ಸುತ್ತಿ ವಾಪಸ್ ಹೋಗ್ಬಿಡೋಣ ಕಣೇ. ಶೆಡ್ಡಿಗೆ ಬೇರೆ ಏನಾದ್ರೂ ದಾರಿ ಮಾಡೋಣ.”

ಆಕೆ ಕೇಳುತ್ತಲೇ ಇದ್ದಳು. ಮುಂದಿನ ಚಕ್ರದಿಂದ ಸದ್ದು ಬರುತ್ತಿತ್ತು. ಕತ್ತರಿಯನ್ನು ಸಾಣೆಗೆ ಹಿಡಿದಾಗ ಬರುವಂಥ, ಹಲ್ಲು ಜುಮ್ಮೆನ್ನಿಸುವ ಸಣ್ಣ ಚೂಪು ಸದ್ದು. ಬ್ರೇಕು ಒತ್ತಿದಾಗ ಅದು ಇನ್ನಷ್ಟು ಏರಿ ಕಿರುಚುತ್ತಿತ್ತು. ಫುಟ್‌ಪಾತಿನಲ್ಲಿ ನಿಂತವರು ಕಿವಿ ಮುಚ್ಚಿಕೊಂಡು ಇತ್ತ ನೋಡುತ್ತಿದ್ದರು. ಗಂಡ ನಿಶ್ಚಿಂತೆಯಿಂದ, ಪೂಜ್ಯವಾದದ್ದೇನನ್ನೋ ಆಲಿಸುವವನಂತೆ, ತಲೆ ಒಂದು ಕಡೆ ವಾಲಿಸಿದ್ದ.

ಆಗ ಆಕೆಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಅಡುಗೆಮನೆಯಿಂದ ಕೂಗಿದ್ದು, ತುಟಿ ನೋಡುತ್ತಿದ್ದದ್ದು, ಕಾಜದವಳ ಮಾತು. ಹೇಳದೆ ಇರಬಹುದಿತ್ತು. ಹೇಳದಿದ್ದರೆ ಕಾರು ವೃತ್ತ ಸುತ್ತಿ ಮನೆಗೆ ಹೋಗುತ್ತಿತ್ತು.

“ಸದ್ದಿದೆ ರೀ,” ಎಂದಳು, ಆತನ ಕಡೆ ತಿರುಗಿ, ಜೋರಾಗಿ. “ಕಿರುಚ್ತಾ ಇದೆ. ರಸ್ತೆಯವರೆಲ್ಲ ನೋಡ್ತಾ ಇದಾರೆ. ನಿಮಗೆ ಕೇಳಿಸ್ತಿಲ್ಲ.”

“ಶೆಡ್ಡು ಬೇಕು ಅಂತ ಏನ್ ಬೇಕಾದ್ರೂ ಹೇಳ್ತೀಯಾ ನೀನು.”

“ಮೇಸ್ತ್ರಿ ಹತ್ರ ನಡೀರಿ. ಸದ್ದಿಲ್ಲ ಅಂತ ಅವನು ಹೇಳಿದ್ರೆ ಕಾರು ಶೆಡ್ಡಲ್ಲೇ ಇರ್ಲಿ. ನಾನು ಬಚ್ಚಲುಮನೇಲಿ ಕೂತು ಹೊಲೀತೀನಿ.”

ಆತ ಹಟಕ್ಕೆ ಬಿದ್ದವನಂತೆ ಮುಂದಕ್ಕೇ ಓಡಿಸಿದ. ಗ್ಯಾರೇಜಿನ ಗೇಟು ಇನ್ನೂ ದೂರವಿರುವಾಗಲೇ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ರಸ್ತೆಗೆ ಬಂದು ನಿಂತಿದ್ದ. ಕಾರು ನಿಂತು ಗಾಜು ಇಳಿಯಿತು.

“ಏನಣ್ಣ ನೀವು! ಇನ್ನೂ ಪ್ಯಾಡ್ ಹಾಕ್ಸಿಲ್ವಾ? ತಗಡಿಗೆ ತಗಡು ಉಜ್ತಾ ಇದೆ. ಹೋದ ಸಲ ಬಂದಾಗ್ಲೇ ಹೇಳಿದ್ನಲ್ಲ, ಬ್ರೇಕ್ ಪ್ಯಾಡ್ ಸವೆದಿದೆ ಅಂತ. ‘ಹೂಂ ಹೂಂ’ ಅಂತ ತಲೆ ಆಡಿಸ್ಕೊಂಡು ಹೋದ್ರಿ.”

ಡ್ರೈವರಣ್ಣ ಎಂಜಿನ್ ಆರಿಸಲಿಲ್ಲ. ಬಸ್ಸಿನ ಸಣ್ಣ ಕುಲುಕಾಟಕ್ಕೇ ಯಾವ ಬೋಲ್ಟು ಸಡಿಲವಾಗಿದೆಯೆಂದು ಹೇಳುತ್ತಿದ್ದ ಮನುಷ್ಯ. ಡಿಪೋದಲ್ಲಿ ಅದಕ್ಕೇ ಹೆಸರಾಗಿದ್ದವನು. ಆತನ ಕೈ ಸ್ಟೀರಿಂಗಿನ ಮೇಲೆ ಹಾಗೇ ಇತ್ತು.

“ಇದೇನ್ ಭಾರಿ ಕೆಲಸ ಅಲ್ಲ ಬಿಡಿ,” ಎಂದ ಮೇಸ್ತ್ರಿ, ಆ ಮುಖ ನೋಡಿ ತಾನೇ ಗಲಿಬಿಲಿಗೊಂಡು. “ಮಧ್ಯಾಹ್ನದೊಳಗೆ ಹಾಕ್ಕೊಡ್ತೀನಿ. ಮಾರೋದು ಬೇಡ ಅನ್ಸಿದ್ರೆ ಓಡಿಸ್ಕೊಂಡು ಹೋಗಿ.”

ಟೈಲರಮ್ಮ ಆತನ ಕೈಯನ್ನೇ ನೋಡುತ್ತ ಕಾದಳು. ಆತ ಬೀಗದಕೈ ತಿರುಗಿಸಿ ತೆಗೆದು ಮೇಸ್ತ್ರಿಯ ಅಂಗೈಯಲ್ಲಿಟ್ಟ.

“ಬೇಡ,” ಎಂದ. “ಅದು ಕಾರಿಂದಲ್ಲ.”

ಏನು ಕಾರಿನದಲ್ಲ ಎಂದು ಮೇಸ್ತ್ರಿಗೆ ಅರ್ಥವಾಗಲಿಲ್ಲ. ಹೆಂಡತಿಗೆ ಆಯಿತು: ಆ ನಿಶ್ಶಬ್ದ. ಇಬ್ಬರೂ ಬಸ್ಸಿನಲ್ಲಿ ವಾಪಸಾದರು. ಕಂಡಕ್ಟರು ಗಂಡನನ್ನು ಎರಡು ಸಲ ಕರೆದ ಮೇಲೆ ಟಿಕೆಟ್ಟನ್ನು ಆಕೆಯೇ ತೆಗೆದುಕೊಂಡಳು.

ಸೋಮವಾರ ಮೇಲ್ವಿಚಾರಕಿ ಬಂದಳು, ಕಿಟಕಿ ನೋಡಿದಳು, ನೆಲ ಮುಟ್ಟಿದಳು, ಒಪ್ಪಿದಳು. ಈಗ ಶೆಡ್ಡಿನಲ್ಲಿ ಹೊಸದೆರಡು ಸೇರಿ ನಾಲ್ಕು ಯಂತ್ರಗಳು ಬೆಳಗಿನಿಂದ ಗಡಗಡ ಎನ್ನುತ್ತವೆ. ನೆಲದಲ್ಲಿ ಎಣ್ಣೆಯ ಕಲೆ ಎಷ್ಟು ಉಜ್ಜಿದರೂ ಹೋಗದೆ ಉಳಿದಿದೆ. ಅದರ ಮೇಲೆ ಗೋಣಿಚೀಲ ಹಾಸಿದೆ. ಮಧ್ಯಾಹ್ನದ ಮೇಲೆ ಡ್ರೈವರಣ್ಣ ಅಭ್ಯಾಸ ತಪ್ಪದೆ ಅಲ್ಲಿಗೆ ಬಂದು, ಸರಿಸುಮಾರು ಕಾರಿನ ಸೀಟು ಇದ್ದ ಜಾಗದಲ್ಲೇ ಸ್ಟೂಲು ಹಾಕಿಕೊಂಡು, ಹೊಲಿದ ಕೋಟುಗಳ ಉಳಿದ ದಾರದ ತುದಿ ಕತ್ತರಿಸುತ್ತಾನೆ. ಕಾಜದವಳು ಈ ಗದ್ದಲಕ್ಕೆ ತಲೆ ಸಿಡಿಯುತ್ತದೆಂದು ಗೊಣಗುತ್ತಾಳೆ. ಆತನಿಗೆ ಅಂಥ ತೊಂದರೆಯೇನೂ ಇದ್ದಂತಿಲ್ಲ.

ಮೂರು ವರ್ಷ ತಾನು ಕೂಗಿದ್ದರಲ್ಲಿ ಎಷ್ಟು ಆತನಿಗೆ ನಿಜಕ್ಕೂ ಕೇಳಿಸಿರಲಿಲ್ಲ, ಎಷ್ಟು ಕೇಳಿಸಿಯೂ ನುಂಗಿಕೊಂಡ ಎಂದು ಟೈಲರಮ್ಮ ಒಮ್ಮೊಮ್ಮೆ ಯೋಚಿಸುತ್ತಾಳೆ. ಅರ್ಧ ಕಿವಿಯದು, ಅರ್ಧ ಗಂಡನದು ಎಂಬಲ್ಲಿಗೆ ಆ ಯೋಚನೆ ನಿಲ್ಲುತ್ತದೆ. ಬಿಡಿಸಿ ನೋಡಲು ಅದು ಹೊಲಿಗೆಯಲ್ಲ.

“ರೀ,” ಎಂದು ಮೊನ್ನೆ ಯಂತ್ರದ ಮೇಲಿಂದಲೇ ಕೂಗಿದಳು, “ಕಿವಿ ಡಾಕ್ಟರ ಹತ್ರ ಯಾವತ್ತು ಹೋಗೋಣ?”

ಆತ ದಾರ ಕತ್ತರಿಸುತ್ತಲೇ ಇದ್ದ. ಇನ್ನೊಮ್ಮೆ ಕೂಗಿದಳು. ಕಾಜದವಳು ತಲೆ ಎತ್ತಿದಳು, ಆತ ಎತ್ತಲಿಲ್ಲ. ಟೈಲರಮ್ಮ ಪಾದ ಎತ್ತಿ ಯಂತ್ರ ನಿಲ್ಲಿಸಿ, ಸೊಂಟ ಹಿಡಿದುಕೊಂಡು ಎದ್ದು, ಗೋಣಿಚೀಲ ದಾಟಿ, ಆತನ ಬಲಗಿವಿಯ ಕಡೆಗೆ ಹೋದಳು.