ಬಾವಿ ಬತ್ತಿದ್ದು ನಿನ್ನಿಂದಲ್ಲ, ರತ್ನ

ರತ್ನ, ನಮ್ಮ ಮನೆಯ ಬಾವಿ ಬತ್ತಿದ್ದು ನಿನ್ನಿಂದಲ್ಲ. ಅದು ನನಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿನ್ನ ತಲೆಗೆ ಕಟ್ಟಿದೆ — ನಾನು, ನಿನ್ನ ವಾರಗಿತ್ತಿ, ನೀನು ಬಾಯ್ತುಂಬ ಅಕ್ಕ ಎಂದು ಕರೆಯುವವಳು.

ಇದನ್ನು ಬರೆಯಲು ಎಷ್ಟೋ ಸಲ ಕೂತು ಎದ್ದಿದ್ದೇನೆ. ಈಗ ಸಾಕಾಗಿದೆ. ಸ್ಕೂಲಿನಿಂದ ನಿವೃತ್ತಿಯಾಯಿತು, ಮಂಡಿ ನೋವು ಬಂತು, ಕನ್ನಡಕ ಬದಲಾಯಿತು — ಈ ಮಾತು ಮಾತ್ರ ಎದೆಯಿಂದ ಇಳಿಯಲಿಲ್ಲ.

ರಾಯಕೋಟೆ ಕಡೆ ನಮ್ಮ ಮನೆ, ಹೊಲದ ಮೇಲಿನ ಗುಡ್ಡ ನೆನಪಿದೆಯಲ್ಲ? ತಂಗಡಿ, ಬಂದರೆ ಗಿಡ, ಹೊಂಗೆ, ಮುಳ್ಳುಪೊದೆ — ಕಾಲಿಡಲು ಜಾಗವಿರಲಿಲ್ಲ. ನನ್ನ ಕಣ್ಣಿಗೆ ಅದು ದಂಡದ ಜಾಗ. ಎಲ್ಲ ಕಿತ್ತು ನೀಲಗಿರಿ ಹಾಕಿಸಿ ಎಂದು ನಿನ್ನ ಭಾವನ ಬೆನ್ನು ಬಿದ್ದವಳು ನಾನೇ. ಜೆಸಿಬಿ ಬಂತು, ಗುಡ್ಡ ಬೋಳಾಯಿತು. ಆಮೇಲೆ ನೀಲಗಿರಿ ಸಾಲುಸಾಲಾಗಿ ಎದ್ದಿತು. ಅದರ ಕೆಳಗೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

ಏಳನೇ ಕ್ಲಾಸಿಗೆ ಈ ಪಾಠ ಮಾಡುತ್ತಿದ್ದವಳೂ ನಾನೇ. ಪೊದೆ, ತರಗೆಲೆ, ಬೇರು ಇದ್ದ ಕಡೆ ಮಳೆನೀರು ನಿಧಾನವಾಗಿ ಇಂಗುತ್ತದೆ, ಬೇಸಿಗೆಯಲ್ಲಿ ಅದೇ ಬಾವಿಗೆ ಜಿನುಗುತ್ತದೆ. ಬೋಳು ನೆಲದಲ್ಲಿ ಹರಿದು ಹೋಗುತ್ತದೆ. ನೀಲಗಿರಿ ಆಳದ ತೇವವನ್ನೂ ಹೀರಿ ಗಾಳಿಗೆ ಬಿಡುತ್ತದೆ — ಬೋರ್ಡಿನ ಮೇಲೆ ಬಾಣ ಹಾಕಿ ತೋರಿಸುತ್ತಿದ್ದೆ. ಸಂಜೆ ಮನೆಗೆ ಬರುವಾಗ ಗುಡ್ಡದ ಕೆಂಪು ನೀರು ರಸ್ತೆಗೆ ಅಡ್ಡವಾಗಿ ಹರಿಯುತ್ತಿತ್ತು. ಸೀರೆ ಎತ್ತಿ ಹಿಡಿದು ದಾಟಿ ಬರುತ್ತಿದ್ದೆ.

ಆ ವರ್ಷ ಮಳೆ ಚೆನ್ನಾಗಿಯೇ ಆಗಿತ್ತು. ಆದರೂ ಬಾವಿ ಬತ್ತಿತು. ಅತ್ತೆಗೆ ತಲೆ ಕೆಟ್ಟಿದ್ದು ಅದಕ್ಕೇ. ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಕೇಳಿದರು.

“ಮಳೆ ಹುಯ್ದ್ರೂ ಬಾವಿ ಒಣಗ್ತದೆ ಅಂದ್ರೆ ಏನಮ್ಮಾ? ಮುಟ್ಟಾದಾಗ ಯಾರೋ ನೀರು ಸೇದವ್ರೆ. ನೀನು ಓದ್ದೋಳು, ನೀನೇ ಹೇಳು.”

ಗುಡ್ಡ ಎಂದು ಒಂದು ಮಾತು ಸಾಕಿತ್ತು. ಆದರೆ ಗುಡ್ಡ ಬೋಳಿಸಿದ್ದು ಯಾರ ಮಾತಿಗೆ ಎನ್ನುವುದೂ ಹಿಂದೆಯೇ ಬರುತ್ತಿತ್ತು...

“ರತ್ನ ಹೊರಗಾಗಿದ್ದಾಗ ಬಾವಿ ತಾವ ಇದ್ದಿದ್ದ ನೋಡ್ದೆ, ಅತ್ತೆ,” ಎಂದೆ.

ಸ್ಕೂಲಿನಿಂದ ಬರುವಾಗ ನೋಡಿದ್ದು ನಿಜ. ಮಗುವಿಗೆ ವಾಂತಿ, ಮನೆಯಲ್ಲಿ ಯಾರೂ ಇಲ್ಲ, ನೀನು ಒಂದು ಕೊಡ ಸೇದಿದ್ದೆ. ನೀನು ನನ್ನ ಮುಖ ನೋಡಿದೆ. ನಾನು ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಆಮೇಲೆ ಅತ್ತೆ ಟ್ಯಾಂಕರ್ ನೀರಿನ ಡ್ರಮ್ಮನ್ನೂ ನಿನಗೆ ಮುಟ್ಟಗೊಡಲಿಲ್ಲ. ಬೇಸತ್ತ ಮೈದುನ ನಿನ್ನನ್ನೂ ಮಗುವನ್ನೂ ಕರೆದುಕೊಂಡು ಜೂಜುವಾಡಿಯಲ್ಲಿ ಬಾಡಿಗೆ ಮನೆ ಹಿಡಿದ. ನೀವು ಹೋದ ದಿನ ನನಗೆ ನೆಮ್ಮದಿಯಾಯಿತು — ಇದನ್ನೂ ಹೇಳಿಬಿಡುತ್ತೇನೆ.

ಮೊನ್ನೆ ಅತ್ತೆಯನ್ನು ನೋಡಲು ಬಂದೆಯಲ್ಲ. ಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದಿದ್ದೆ. ಒಳಗೆ ಬಿಂದಿಗೆಯಲ್ಲಿ ನೀರಿದೆ, ಕುಡಿ ಎಂದೆ. ನೀನು ಅಡುಗೆಮನೆಯ ಬಾಗಿಲಲ್ಲೇ ನಿಂತೆ.

“ನೀವೇ ಬಗ್ಗಿಸ್ಕೊಟ್ಬುಡಿ, ಅಕ್ಕ. ನನ್ ಕೈ ತಾಕಿ ಇರೋ ನೀರೂ ಹೋಗ್ಬುಟ್ರೆ?”

ಚುಚ್ಚಲು ಆಡಿದ ಮಾತೆಂದುಕೊಂಡು ನಿನ್ನ ಮುಖ ನೋಡಿದೆ. ಅಲ್ಲ. ನೀನು ನಂಬಿದ್ದೀಯ. ಇಷ್ಟು ವರ್ಷವೂ, ನಿನ್ನ ಕೈಯೇ ಬಾವಿಯನ್ನು ಬತ್ತಿಸಿತೆಂದು... ನನ್ನ ಮೇಲೆ ಸಿಟ್ಟಿರುತ್ತದೆ ಎಂದಷ್ಟೇ ತಿಳಿದಿದ್ದೆ ರತ್ನ. ಸಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಆಗಲೂ ಬಾಯಿ ಬಿಡಲಿಲ್ಲ.

ಅತ್ತೆಗೆ ಕಿವಿ ಮಂದವಾಗಿದೆ, ಬುದ್ಧಿ ಚುರುಕಾಗಿಯೇ ಇದೆ. ಭಾನುವಾರ ಅವರನ್ನು ಕರೆದುಕೊಂಡು ನಿನ್ನ ಮನೆಗೆ ಬರುತ್ತೇನೆ. ನಿನ್ನ ಗಂಡ, ಮಗಳು ಎದುರಿಗಿರಲಿ. ಅತ್ತೆಗೆ ಕೇಳಿಸುವಷ್ಟು ಗಟ್ಟಿಯಾಗಿ ಎಲ್ಲ ಹೇಳುತ್ತೇನೆ. ಆಮೇಲೆ ನನಗೆ ನೀರು ಕೊಡಬೇಕೆಂದೇನೂ ಇಲ್ಲ.