ಗ್ಲೆನಿಸ್ ಅವರ ಚಿಪ್ಪಿನ ರವೆ

ಕೂರನ್ ಕ್ರೀಕ್ ಊರಿನಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ರೈಫಲ್ ಕ್ಲಬ್ಬಿನ ತಗಡಿನ ಶೆಡ್ಡಿನಲ್ಲಿ ಗ್ಲೆನಿಸ್ ಹ್ಯಾಡ್ರಿಲ್ ಹಿಟ್ಟಿನ ಜರಡಿ ಆಡಿಸುತ್ತಿದ್ದಾರೆ. ಜರಡಿಯಲ್ಲಿರುವುದು ಹಿಟ್ಟಲ್ಲ, ಮೆಕಡೇಮಿಯಾ ಎಂಬ ಗೋಡಂಬಿಯಂಥ ಬೀಜದ ಕುಟ್ಟಿದ ಗಟ್ಟಿ ಚಿಪ್ಪು. ದಪ್ಪ ಚೂರುಗಳನ್ನು ಗುಲಾಬಿ ಗಿಡದ ಬುಡಕ್ಕೆ ಸುರಿಯುತ್ತಾರೆ, ಧೂಳನ್ನು ಇನ್ನೊಂದು ಜರಡಿಯಲ್ಲಿ ಹಾರಿಸಿಬಿಡುತ್ತಾರೆ. ನಡುವೆ ಉಳಿದ ಸಣ್ಣ ರವೆ ಮಾತ್ರ ಹಳೇ ವಾಷಿಂಗ್ ಮೆಷಿನ್ ಮೋಟಾರಿನಿಂದ ತಿರುಗುವ ಡ್ರಮ್ಮಿಗೆ ಬೀಳುತ್ತದೆ. ಅದರ ಜೊತೆಗೆ ಶನಿವಾರ ಹಾರಿಸಿ ಖಾಲಿಯಾದ, ಮಸಿ ಮೆತ್ತಿದ ಆರುನೂರು ಹಿತ್ತಾಳೆ ತೋಟಾಗಳು. ಮೂರು ಗಂಟೆ ಉರುಳಿದರೆ ತಿಕ್ಕಿಟ್ಟ ಪಾತ್ರೆಯ ಹಾಗೆ ಹೊರಬರುತ್ತವೆ. ಅವಕ್ಕೆ ಹೊಸ ಮದ್ದು, ಹೊಸ ಗುಂಡು ತುಂಬಿ ಮತ್ತೆ ಹಾರಿಸುವುದು, ಪೇಪರಿನಲ್ಲಿ ಫೋಟೊ ಹಾಕಿಸಿಕೊಳ್ಳುವುದು ಉಳಿದವರ ಕೆಲಸ.

ಗ್ಲೆನಿಸ್ ಅವರಿಗೆ ಈಗ ಎಪ್ಪತ್ತೊಂದು. ಶಾಲೆಯ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ದುಡಿದ ಕೈ. ಗಂಡ ಮರ್ವ್ ಜೊತೆ ಕ್ಲಬ್ಬಿಗೆ ಬಂದ ಮೊದಲ ದಿನವೇ ಸಮಿತಿಯ ಗಂಡಸರು ಚಹಾದ ಕೆಟಲ್ ತೋರಿಸಿದರಂತೆ. ಇವರು ಮೂಲೆಯಲ್ಲಿದ್ದ ಮಸಿ ತೋಟಾಗಳ ಬಕೆಟ್ಟು ಎತ್ತಿಕೊಂಡರು. “ಹಿತ್ತಾಳೆಗೆ ಒಂದು ಒಳ್ಳೇ ಗುಣ ಇದೆ. ಸಕ್ಕರೆ ಜಾಸ್ತಿ ಆಯ್ತು ಅಂತ ಗೊಣಗಲ್ಲ,” ಎನ್ನುತ್ತಾರೆ.

ಆದರೆ ಹಿತ್ತಾಳೆ ಅಷ್ಟು ಸುಲಭಕ್ಕೆ ಒಲಿಯಲಿಲ್ಲ. ಮೊದಲು ಡ್ರಮ್ಮಿಗೆ ಅಕ್ಕಿ ಹಾಕಿ ನೋಡಿದರು. ತೋಟಾದ ತಳದಲ್ಲಿ ಕಿಡಿ ಹಾಯುವ ತೂತಿಗೆ ಒಂದೊಂದು ಕಾಳು ಸಿಕ್ಕಿಕೊಂಡು, ಸೂಜಿ ಹಿಡಿದು ವಾರವೆಲ್ಲ ಕೀಳಬೇಕಾಯಿತು. ಜೋಳದ ದಿಂಡಿನ ಪುಡಿ ಹೊಳಪು ಕೊಟ್ಟಿತು, ಮಸಿ ಬಿಡಿಸಲಿಲ್ಲ. ಆಮೇಲೆ ಮನೆಯ ಹಿತ್ತಾಳೆ ಪಾಲಿಷ್ ಎರಡು ಚಮಚ ಬೆರೆಸಿದರು. ಅದರಲ್ಲಿದ್ದ ಅಮೋನಿಯಾ ಲೋಹವನ್ನು ಪೆಡಸು ಮಾಡಿ ಇನ್ನೂರು ತೋಟಾಗಳ, ಗುಂಡು ಕೂರುವ ಕತ್ತು ಸೀಳಿತು. ಕ್ಲಬ್ಬಿನವರು ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ. ಕೊನೆಗೆ ಕೈಹಿಡಿದದ್ದು ಪಕ್ಕದ ಬೆಳೆಗಾರರ ಶೆಡ್ಡಿನ ಹಿಂದೆ ರಾಶಿ ಬಿದ್ದಿದ್ದ ಮೆಕಡೇಮಿಯಾ ಚಿಪ್ಪು.

ಹೋದ ವರ್ಷ ಕ್ಲಬ್ಬಿನ ನಾಯಕ ಲೈಲ್ ಬುಡೆನ್ ತೋಟಾ ತೊಳೆಯುವ ಹೊಸ ಯಂತ್ರ ತರಿಸಿದ. ನೀರು, ಸೋಪು, ಗುಂಡುಸೂಜಿಗಿಂತ ಸಣ್ಣ ಉಕ್ಕಿನ ಕಡ್ಡಿಗಳು. ತೋಟಾಗಳು ಒಳಗೂ ಹೊರಗೂ ಚಿನ್ನದಂತೆ ಹೊಳೆದವು. ಎಲ್ಲರೂ ಬಾಯಿಬಿಟ್ಟುಕೊಂಡು ನೋಡಿದರು. ಗ್ಲೆನಿಸ್ ಅವರ ಡ್ರಮ್ಮು ಬೆಂಚಿನ ಕೆಳಗೆ ಸೇರಿತು. ಅವರೊಬ್ಬರೇ ಒಂದು ತೋಟಾ ಎತ್ತಿ ಕತ್ತಿನೊಳಗೆ ಇಣುಕಿ ಮೂಗು ಮುರಿದರು. “ಇಲ್ಲಿ ಒಂಚೂರು ಮಸಿ ಇರ್ಬೇಕು ಲೈಲ್. ಅದಿದ್ರೇನೇ ಗುಂಡು ಜಾರ್ಕೊಂಡು ಹೋಗೋದು. ನೀನು ಅದನ್ನೂ ಕೆರೆದು ಹಾಕಿದೀಯ.” ಲೈಲ್ ನಕ್ಕು, ಹೊಳಪು ಕಂಡರೆ ಹೊಟ್ಟೆಕಿಚ್ಚಾ ಎಂದು ಕೇಳಿದನಂತೆ.

ಏಪ್ರಿಲ್ ಅಭ್ಯಾಸದಲ್ಲಿ ಒಂಬೈನೂರು ಮೀಟರ್ ದೂರದ ಗುರಿಹಲಗೆಯ ಮೇಲೆ ಗುಂಡುಗಳು ಮೊಳದುದ್ದ ಮೇಲೆ ಕೆಳಗೆ ಬಿದ್ದವು. ಲೈಲ್ ಗಾಳಿಯನ್ನು ಬೈದ. “ಗಾಳಿ ಪಕ್ಕಕ್ಕೆ ತಳ್ಳುತ್ತೆ ಕಣಯ್ಯ, ಏಣಿ ಹತ್ತಿಸಲ್ಲ. ಕತ್ತು ಕಚ್ಚಿ ಹಿಡಿದ್ರೆ ಒಂದೊಂದು ಗುಂಡು ಒಂದೊಂದು ವೇಗದಲ್ಲಿ ಹೊರಡುತ್ತೆ,” ಎಂದರು ಗ್ಲೆನಿಸ್. ಜಿಲ್ಲಾ ಷೀಲ್ಡ್ ಪಂದ್ಯಕ್ಕೆ ಉಳಿದದ್ದು ಐದೇ ವಾರ. ಷೀಲ್ಡ್ ಕೂರನ್ ಕ್ರೀಕ್ ಕಡೆ ಮುಖ ಮಾಡಿ ಹತ್ತೊಂಬತ್ತು ವರ್ಷವಾಗಿತ್ತು. ಲೈಲ್ ಹಟಮಾರಿಯಾದರೂ ದಡ್ಡನಲ್ಲ. ಈ ಪಂದ್ಯಕ್ಕೆ ನಿನ್ನ ಚಿಪ್ಪಿನ ತೋಟಾಗಳೇ ಆಗಲಿ, ಸೋತರೆ ಮಾತ್ರ ನಿನ್ನ ಡ್ರಮ್ಮು ಗುಜರಿಗೆ ಎಂದ. ಗ್ಲೆನಿಸ್ ಆಗಲಿ ಎಂದರು.

ಐದು ವಾರ ಮುಂಜಾನೆ ಐದಕ್ಕೆ ಶೆಡ್ಡಿನ ಬಾಗಿಲು ತೆರೆಯಿತು. ಪ್ರತಿ ತೋಟಾವನ್ನು ಬೆಳಕಿಗೆ ಹಿಡಿದು, ತೂತಿನಲ್ಲಿ ಚೂರೂ ಸಿಕ್ಕಿಲ್ಲವೆಂದು ನೋಡಿ ಇಟ್ಟರು. ಕತ್ತಿನೊಳಗಿನ ತೆಳುವಾದ ಮಸಿಯನ್ನು ಮುಟ್ಟಲಿಲ್ಲ.

ಪಂದ್ಯದ ದಿನ ಗುರಿಹಲಗೆಗಳ ಕೆಳಗೆ, ಮಣ್ಣಿನ ದಿಬ್ಬದ ಮರೆಯಲ್ಲಿ ಕುಳಿತು ಗುಂಡು ಬಿದ್ದ ಜಾಗ ಗುರುತಿಸುವ ಕೆಲಸಕ್ಕೂ ಅವರೇ ನಿಂತರು. ಚೀಟಿಯಲ್ಲಿ ಬಂದದ್ದು ನಾಲ್ಕನೇ ಹಲಗೆ. ಅದಕ್ಕೆ ಹಾರಿಸುವುದು ಯಾವ ತಂಡ ಎಂದು ಕೆಳಗಿರುವವರಿಗೆ ಹೇಳುವ ಪದ್ಧತಿಯಿಲ್ಲ. ಗುಂಡು ಬೀಳುತ್ತದೆ, ಹಲಗೆ ಇಳಿಸಬೇಕು, ಹಾರಿಸಿದವರಿಗೆ ಕಾಣಲೆಂದು ತೂತಿಗೆ ಬಿಲ್ಲೆ ಸಿಕ್ಕಿಸಬೇಕು, ಮತ್ತೆ ಏರಿಸಬೇಕು. ಐವರಿಂದ ಐವತ್ತು ಗುಂಡು. ಗಾಳಿಗೆ ಎಡಬಲ ಸರಿದವು. ಮೇಲೆ ಕೆಳಗೆ ಮಾತ್ರ ಒಂದು ಗೇಣು ದಾಟಲಿಲ್ಲ.

ಕೂರನ್ ಕ್ರೀಕ್ ಮೂರು ಅಂಕಗಳಿಂದ ಗೆದ್ದಿತು. ಲೈಲ್ ಗಾಡಿಗೂ ಕಾಯದೆ ಒಂಬೈನೂರು ಮೀಟರ್ ಏದುಸಿರು ಬಿಡುತ್ತ ಓಡಿಬಂದು, ಗೆದ್ದುಬಿಟ್ವಿ ಎಂದ. ಗ್ಲೆನಿಸ್ ಕೊನೆಯ ಬಿಲ್ಲೆ ಕಿತ್ತು ಡಬ್ಬಿಗೆ ಹಾಕುತ್ತಿದ್ದರು.

“ಹನ್ನೆರಡನೇ ಗುಂಡಿಗೇ ಗೊತ್ತಾಯ್ತು ಕಣಯ್ಯ,” ಎಂದರು. “ಅವು ನನ್ನ ತೋಟಾಗಳು.”