ಕೊನೆಮನೆಯ ಮುಯ್ಯಿ

ಚಟ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಚಟ್. ಕಡಲೆಕಾಯಿಯ ಮೂತಿಯನ್ನು ಹೆಬ್ಬೆರಳಲ್ಲಿ ಒತ್ತಿದಾಗ ಸಿಪ್ಪೆ ಬಿರಿಯುವ ಸದ್ದು. ಮಡಕಶಿರದ ಕಡೆಯ ನಮ್ಮ ಅಜ್ಜಿಯ ಊರಲ್ಲಿ ಆ ಸದ್ದು ಹಾಗೆ ಒಂಟಿಯಾಗಿ ಕೇಳಿಸುತ್ತಲೇ ಇರಲಿಲ್ಲ. ಇಪ್ಪತ್ತು ಹೆಂಗಸರು ಒಂದೇ ಅಂಗಳದಲ್ಲಿ ಕೂತು ಬಿಡಿಸಿದರೆ ಒಣಮುಳ್ಳಿಗೆ ಬೆಂಕಿ ಹತ್ತಿದಂತೆ ಚಟಪಟ ಅನ್ನುತ್ತಿತ್ತು. ಆ ವರ್ಷ ಮಾತ್ರ ಬೀದಿಯ ಕೊನೆಮನೆಯಿಂದ ಒಂದೇ ಜೊತೆ ಕೈಗಳ ಸದ್ದು ಬರುತ್ತಿತ್ತು.

ನಮ್ಮ ತಂದೆಗೆ ರಾಯದುರ್ಗದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸ. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಬೋರ್ಡರ್. ಸಮ್ಮರ್ ಹಾಲಿಡೇಸ್ ಪೂರ್ತಿ ಅಜ್ಜಿಯ ಮನೆಯಲ್ಲಿ. ರಾಯದುರ್ಗದ ಅಭ್ಯಾಸಬಲದಿಂದ ನಾನು ಕಡಲೆಕಾಯಿಗೆ ಶೇಂಗಾ ಅಂದರೆ, ಮಾತಿನ ಕೊನೆಗೆ ‘ರಿ’ ಸೇರಿಸಿದರೆ, ಅಲ್ಲಿನ ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು. ಒಂದು ವಾರದಲ್ಲಿ ನಾನೂ ಕಡ್ಲೆಕಾಯಿ ಅನ್ನತೊಡಗುತ್ತಿದ್ದೆ. ಬೋರ್ಡಿಂಗಿನಲ್ಲೂ ಅಷ್ಟೇ. ಮೊದಲ ವರ್ಷ ಅಮ್ಮ ಕಟ್ಟಿಕೊಟ್ಟ ರೊಟ್ಟಿಯನ್ನು ಟ್ರಂಕಿನಲ್ಲಿ ಬಚ್ಚಿಟ್ಟು, ಎಲ್ಲರಂತೆ ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ತಿಂದವಳು ನಾನು. ಯಾರೂ ಹಾಗೆ ಮಾಡು ಅಂದಿರಲಿಲ್ಲ.

ಬಿತ್ತನೆಯ ಬೀಜವನ್ನು ಬಡಿದು ಬಿಡಿಸುವಂತಿಲ್ಲ. ಕೆಂಪು ಸಿಪ್ಪೆ ಸುಲಿದರೆ, ಬೇಳೆ ಎರಡಾದರೆ ಮೊಳೆಯುವುದಿಲ್ಲ. ಎಲ್ಲವನ್ನೂ ಕೈಯಲ್ಲೇ ಬಿಡಿಸಬೇಕು, ಅದೂ ಬಿತ್ತುವ ಹೊತ್ತಿಗೆ ಸರಿಯಾಗಿ. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಅದಕ್ಕೇ ಮುಯ್ಯಿ: ಇವತ್ತು ಎಲ್ಲರೂ ನಿಮ್ಮ ಮನೆಗೆ, ನಾಳೆ ಎಲ್ಲರೂ ನಮ್ಮ ಮನೆಗೆ. ಕೂಲಿಯಿಲ್ಲ. ಮಧ್ಯಾಹ್ನ ಮುದ್ದೆ, ಸಾರು, ಆಮೇಲೆ ಎಲೆ ಅಡಿಕೆ, ಊರಿನವರ ಸುದ್ದಿ.

ಅದು ಎರಡನೆಯ ಮಹಾಯುದ್ಧದ ಕಾಲ; ನಾವೆಲ್ಲ ಅಕ್ಕ ಅನ್ನುತ್ತಿದ್ದ ಕೊನೆಮನೆಯವಳ ಗಂಡ ಮಿಲಿಟರಿ ಸೇರಿ ಹೋಗಿದ್ದ. ಅಕ್ಕ ಆ ಬೇಸಿಗೆಯಲ್ಲಿ ಆರು ಮನೆಗೆ ಮುಯ್ಯಿ ಹೋಗಿದ್ದಳು, ನಮ್ಮ ಮನೆಗೂ. ಅಷ್ಟರಲ್ಲಿ ಒಂದು ಹದವಾದ ಮಳೆ ಬಿತ್ತು. ಉಳುತ್ತೇನೆಂದಿದ್ದ ಮೈದುನ ತನ್ನ ಹೊಲಕ್ಕೇ ಹೋದ. ನಾಲ್ಕು ದಿನ ಕಾದಳು. ಐದನೆಯ ದಿನ, ನೆಲದ ತೇವ ಆರುತ್ತಿರುವುದನ್ನು ನೋಡಲಾರದೆ, ತಾನೇ ಎತ್ತು ಹೂಡಿ ಉತ್ತಳು.

ಹೆಂಗಸು ನೇಗಿಲು ಮುಟ್ಟಿದರೆ ಮಳೆ ಮುನಿಯುತ್ತದೆಂಬುದು ಆ ಸೀಮೆಯ ನಂಬಿಕೆ. ಹಾಗಂತ ಪಂಚಾಯ್ತಿ ಸೇರಲಿಲ್ಲ, ದಂಡ ಹಾಕಲಿಲ್ಲ, ಅವಳನ್ನು ಯಾರೂ ಬೈಯಲೂ ಇಲ್ಲ. ಅವಳ ಮನೆಯ ಸರದಿ ಬಂದ ದಿನ ಯಾರೂ ಹೋಗಲಿಲ್ಲ, ಅಷ್ಟೇ.

ಯಾಕೆ ಹೋಗಲಿಲ್ಲ ಎಂದು ಅಜ್ಜಿಯನ್ನು ಕೇಳಿದೆ.

“ಯಾರಾನ ಓದ್ರೆ ನಾನೂ ಓಯ್ತೀನಿ ಕಣಮ್ಮಿ. ಮೊದ್ಲು ನಾನೇ ಓಗಿ ಕೂತ್ಕಂಡ್ರೆ ಎಲ್ಲಾರೂ ಏನಂದ್ಕಂಡಾರು?”

ಎದುರುಮನೆಯ ದೊಡ್ಡಮ್ಮನನ್ನು ಕೇಳಿದರೆ ಅವರದೂ ಅದೇ ಮಾತು. ಅಜ್ಜಿಯ ‘ಎಲ್ಲಾರೂ’ ಎಂಬುದರಲ್ಲಿ ದೊಡ್ಡಮ್ಮ ಇದ್ದರು, ದೊಡ್ಡಮ್ಮನ ‘ಎಲ್ಲಾರೂ’ನಲ್ಲಿ ಅಜ್ಜಿ ಇದ್ದಳು. ಟು ಬಿ ಫ್ರಾಂಕ್, ನಾನೂ ಇದ್ದೆ. ದಿನಾ ಅಕ್ಕನ ಹತ್ತಿರ ತಲೆ ಬಾಚಿಸಿಕೊಳ್ಳಲು ಹೋಗುತ್ತಿದ್ದವಳು, ಜೊತೆಯ ಹುಡುಗಿಯರು ಹೋಗುವುದನ್ನು ಬಿಟ್ಟರೆಂದು ಬಿಟ್ಟಿದ್ದೆ.

ಮೂರನೆಯ ದಿನ ತಡೆಯಲಾಗದೆ ಅವಳ ಬಾಗಿಲಿಗೆ ಹೋದೆ. ಮೂಲೆಯಲ್ಲಿ ಮೂಟೆಗಳು ಹಾಗೇ ಇದ್ದವು. ಬಿಡಿಸಿದ ಬೀಜ ಒಂದು ಮೊರದಷ್ಟೂ ಇರಲಿಲ್ಲ. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ರೋಹಿಣಿ ಮಳೆ ಇಂದೋ ನಾಳೆಯೋ ಎನ್ನುವ ಹಾಗೆ ಮೋಡ ಕಟ್ಟಿತ್ತು. ಆ ಮಳೆಗೆ ಬೀಜ ನೆಲಕ್ಕೆ ಬೀಳದಿದ್ದರೆ ಅವಳ ವರ್ಷವೇ ಹೋದಂತೆ. ನನ್ನನ್ನು ನೋಡಿ ಕೈ ನಿಲ್ಲಿಸಿದಳು.

“ಒಳಕ್ಕೆ ಬರ್ಬ್ಯಾಡ ಕಣಮ್ಮಿ. ನಿಮ್ಮಜ್ಜಿಗೆ ಯಾರಾನ ಏನಾರ ಅಂದಾರು.”

ಅಜ್ಜಿಯ ಮೇಲೆ ಮಾತು ಬರಬಾರದೆಂದು ಅವಳು ಯೋಚಿಸುತ್ತಿದ್ದಳು! ಅಲ್ಲಿಂದ ನೆಟ್ಟಗೆ ದೊಡ್ಡಮ್ಮನ ಮನೆಗೆ ಹೋಗಿ, ನಮ್ಮಜ್ಜಿ ಕೊನೆಮನೆ ಮುಯ್ಯಿಗೆ ಹೊರಟಿದ್ದಾಳೆ ಅಂದೆ. ಮನೆಗೆ ಬಂದು ಅಜ್ಜಿಗೆ, ದೊಡ್ಡಮ್ಮ ಹೊರಟಿದ್ದಾರೆ ಅಂದೆ. ಮಾರಲ್ ಸೈನ್ಸಿನಲ್ಲಿ ಪ್ರತಿ ವರ್ಷ ಪ್ರೈಜ್ ತೆಗೆದುಕೊಳ್ಳುತ್ತಿದ್ದವಳು ಹತ್ತು ನಿಮಿಷದಲ್ಲಿ ಎರಡು ಸುಳ್ಳು ಹೇಳಿದ್ದೆ.

ಇಬ್ಬರೂ ಹೊರಟರು. ಆದರೆ ಅಕ್ಕನ ಮನೆಯ ಮೂಲೆಗೆ ಬಂದು ನಿಂತೇ ಬಿಟ್ಟರು. ದೊಡ್ಡಮ್ಮ ಅಜ್ಜಿಗೆ, ನೀನು ದೊಡ್ಡವಳು, ಮುಂದೆ ನಡಿ ಅಂದರು. ಅಜ್ಜಿ, ನಿನ್ನ ಕಾಲು ಚುರುಕು, ನೀನೇ ನಡಿ ಅಂದಳು. ಹೀಗೆ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಾ ನಿಂತವರನ್ನು, ಸಿಪ್ಪೆ ಚೆಲ್ಲಲು ಹೊರಗೆ ಬಂದ ಅಕ್ಕ ನೋಡಿಬಿಟ್ಟಳು. ಒಳಗೆ ಹೋಗಿ ಎರಡು ಗೋಣಿತಾಟು ತಂದು ಹಾಸಿದಳು. ಹಾಸಿದ ಮೇಲೆ ಹಿಂದಕ್ಕೆ ಹೋಗುವುದು ಹೇಗೆ?

“ಏನೇ, ಸತ್ತಿದ್ದೀಯೋ ಬದ್ಕಿದ್ದೀಯೋ ಅಂತ ನೋಡ್ಕಂಡು ಓಗಾನ ಅಂತ ಬಂದ್ವಿ,” ಅಂದರು ದೊಡ್ಡಮ್ಮ, ಕೂರುತ್ತಾ.

“ಬೀಜ ಬಿಡ್ಸೋ ತನಕ ಸಾಯಕ್ಕೆ ಪುರ್‌ಸೊತ್ತಿಲ್ಲ ದೊಡ್ಡಮ್ಮ,” ಅಂದಳು ಅಕ್ಕ. ಮುಖ ತಿರುಗಿಸಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಕಾಣಲಿಲ್ಲ.

ನೀರಿಗೆ ಹೋಗುತ್ತಿದ್ದ ಇಬ್ಬರು ಇವರನ್ನು ನೋಡಿ ಕೊಡ ಇಳಿಸಿದರು. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರತಿಯೊಬ್ಬರೂ ನಾನು ಮೊದಲೇ ಬರಬೇಕು ಅಂತಿದ್ದೆ ಅನ್ನುವವರೇ, ಮತ್ತು ಅದು ನಿಜವೇ ಇರಬೇಕು. ಅಕ್ಕನ ಮನೆಯಲ್ಲಿದ್ದ ಹಿಟ್ಟು ಅಷ್ಟು ಮಂದಿಗೆ ಸಾಲದೆ ದೊಡ್ಡಮ್ಮ ತಮ್ಮ ಮನೆಯಿಂದ ತರಿಸಿದರು. ಎರಡು ದಿನದಲ್ಲಿ ಮೂಟೆಗಳೆಲ್ಲ ಖಾಲಿಯಾದವು.

ಮೊದಲ ದಿನವೇ ಸಂಜೆ, ನನ್ನ ಸುಳ್ಳು ಗೊತ್ತಾಗಿ, ಅಜ್ಜಿ ನನ್ನ ಕಿವಿ ಹಿಡಿದಳು. ಜೋರಾಗಿ ಹಿಂಡಲಿಲ್ಲ. “ಇಂಗ್ಲೀಸ್ ಇಸ್ಕೂಲ್‌ನಾಗೆ ಇದ್ನೇ ಕಲ್ಸೋದಾ?” ಅಂದು, ಅಪ್ಪನಿಗೆ ಹೇಳುವುದಿಲ್ಲವೆಂದು ಬಿಟ್ಟುಬಿಟ್ಟಳು.

ಇಷ್ಟಾದರೂ ಗಂಡಸರು ಅಲುಗಲಿಲ್ಲ. ಅಂಗಳದಲ್ಲಿ ಕೂತು ಬೀಜ ಬಿಡಿಸುವುದು ಬೇರೆ, ಬಿತ್ತನೆಯ ಸಾಲು ಹೊಡೆಯಲು ಅವಳ ಹೊಲಕ್ಕೆ ನೇಗಿಲು ಹೊತ್ತುಕೊಂಡು ಹೋಗುವುದು ಬೇರೆ. ಅವರ ‘ಎಲ್ಲಾರೂ’ಗೆ ಹೋಗಿ ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. ಕಟ್ಟಿದ ಮೋಡ ವಾರದ ಮೇಲೆ ಸುರಿಯಿತು.

ಸ್ಕೂಲ್ ರೀಓಪನ್ ಆಗುವ ದಿನ ಹತ್ತಿರ ಬಂತು. ಪೆಟ್ರೋಲ್ ಸಿಗದ ಆ ಕಾಲದಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸು ಹಿಡಿಯಲು ಬೆಳಗ್ಗೆ ಗಾಡಿಯಲ್ಲಿ ಹೊರಟಾಗ ಅಜ್ಜಿ ಮನೆಯಲ್ಲಿರಲಿಲ್ಲ. ಹೊಲಕ್ಕೆ ಹೋಗಿದ್ದಾಳೆ ಎಂದರು ಗಾಡಿ ಹೊಡೆಯುತ್ತಿದ್ದ ಸೋದರಮಾವ, ಯಾವ ಹೊಲವೆಂದು ಹೇಳಲಿಲ್ಲ. ಅಕ್ಕನ ಹೊಲದ ಪಕ್ಕದಲ್ಲಿ ಗಾಡಿ ಹಾಯುವಾಗ ಕಂಡಿತು. ಅಕ್ಕ ನೇಗಿಲು ಹಿಡಿದು ಎತ್ತುಗಳ ಹಿಂದೆ, ಅವಳ ಹಿಂದೆ ಮಡಿಲಲ್ಲಿ ಬೀಜ ಕಟ್ಟಿಕೊಂಡ ನಮ್ಮಜ್ಜಿ, ಬಗ್ಗಿ ಬಗ್ಗಿ ಸಾಲಿಗೆ ಬೀಜ ಬಿಡುತ್ತಾ. ಆ ಹೊಲಕ್ಕೆ ಅಜ್ಜಿಗಿಂತ ಮೊದಲು ಹೋದವರು ಯಾರೂ ಇರಲಿಲ್ಲ. ಮಾವ ಆ ಕಡೆ ನೋಡದೆ ಎತ್ತಿನ ಬಾಲ ಮುಟ್ಟಿ ಗಾಡಿ ಓಡಿಸಿದರು. ನಾನು ಕೂಗಿದೆ. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾದಳು. ಅಕ್ಕ ತಿರುಗಲಿಲ್ಲ, ಸಾಲು ಸೊಟ್ಟಗಾಗುತ್ತದೆಂದು ಇರಬೇಕು. ಸಡಿಲಾದ ಜಡೆ, ಬೆವರಿದ ಬೆನ್ನು, ಎತ್ತುಗಳಿಗೆ ಏನೋ ಹೇಳುತ್ತಿದ್ದ ಅವಳ ದನಿ. ಅಕ್ಕನನ್ನು ನಾನು ನೋಡಿದ್ದು ಅದೇ ಕೊನೆ.